ಏಳನೇ ಕಾಲಮ್ಮು

ರೋಲಾದಲ್ಲಿ, ಜೆರಾಕ್ಸ್ ಅಂಗಡಿಗೂ ಮೊಬೈಲ್ ರಿಪೇರಿಗೂ
ನಡುವೆ ಸಿಕ್ಕಿಕೊಂಡ ಮೊಯ್ದೀನ್‌ಕುಟ್ಟಿಯ ಟೈಪಿಂಗ್ ಸೆಂಟರು.
ಜನರ ಸಿಟ್ಟನ್ನು ನಾನು ಇಂಗ್ಲಿಷಿಗೆ ಇಳಿಸುತ್ತೇನೆ.
ಹಾಳೆಗೆ ಹದಿನೈದು ದಿರಮ್.
ಅರಬ್ಬಿ ಬೇಕಾದರೆ ಆಚೆ ಮೇಜು, ಸುಡಾನಿನ ಮುದುಕ, ದರ ಬೇರೆ.

ಸಾಬಣ್ಣ ಬಂದ, ಶಹಾಪುರದ ಕಡೆಯವ.
ಕಿವಿಯ ಮಡಿಕೆಯಲ್ಲಿ ಇನ್ನೂ ಸಿಮೆಂಟು.
ಕುರ್ಚಿ ಹೊಲಸಾದೀತೆಂದು ಕೂರಲಿಲ್ಲ.
"ಬರೀರಿ ಅಕ್ಕೋರೆ, ನಂಗ ಭಾಳ ಇದಾಗ್ಯದ."
ಏನಾಗಿದೆ?
"ಇದು."
ಅಂಗಿಯ ಎರಡನೇ ಗುಂಡಿಯ ಹತ್ತಿರ
ಬೆರಳಿಟ್ಟು ತೋರಿಸಿದ.

ಏಳನೇ ಕಾಲಮ್ಮು: ದೂರಿನ ಸ್ವರೂಪ.
ಗ್ರೀವನ್ಸ್ ಎಂದು ಹೊಡೆದೆ. ಇಸ್ತ್ರಿ ಅಂಗಿ ತೊಟ್ಟ ಪದ,
ಟೋಕನ್ ಹಿಡಿದು ಸಾಲಿನಲ್ಲಿ ನಿಲ್ಲುತ್ತದೆ.
ಅಳಿಸಿದೆ. ಅಪ್‌ಸೆಟ್?
"ಅದು ಹೊಟ್ಟಿಗಲ್ರೀ?" ಎಂದ. ಹೋದ ತಿಂಗಳು
ಕ್ಯಾಂಪಿನ ದಾಲು ಹನ್ನೊಂದು ಜನರನ್ನು ಮಲಗಿಸಿದಾಗ
ಡಾಕ್ಟರು ಚೀಟಿಯಲ್ಲಿ ಬರೆದದ್ದು ಅದನ್ನೇ.
ಹರ್ಟ್ ಅಂದರೆ, ರಕ್ತ ಬಂತೇ ಎಂದು ಕೇಳುತ್ತಾರೆ.
ಆಂಗ್ರಿ ಅಂದರೆ ಫೋರ್‌ಮನ್ನಿಗೇ ಅನುಕೂಲ.
ರಿಸೆಂಟ್ ಎಂದು ಹಿಂದೊಮ್ಮೆ ಯಾರಿಗೋ ಬರೆದುಕೊಟ್ಟಿದ್ದೆ,
ಎರಡನೇ ಸಲ ಕಳಿಸಿದ ಅರ್ಜಿಯೆಂದುಕೊಂಡು ಆಫೀಸಿನವರು
ಮೊದಲನೆಯದಕ್ಕಾಗಿ ಕಪಾಟು ಹುಡುಕಿದರಂತೆ.
ಪೂರ್ತಿ ತಪ್ಪೂ ಅಲ್ಲ.
ಒಳಗೊಳಗೇ ಎಷ್ಟು ಸಲ ಕಳಿಸಿಕೊಂಡಿದ್ದನೋ ಆತ,
ವಿಳಾಸದಾರರು ಸಿಗದೆ.

ಮುನಿಸು ಎನ್ನೋಣವೆಂದರೆ ರಮಿಸುವವರು ಬೇಕು.
ಸೆಡವು ಉಣ್ಣದೆ ಕೂರುತ್ತದೆ,
ಇಲ್ಲಿ ಬಿಟ್ಟ ತಟ್ಟೆಯಲ್ಲಿ ಇನ್ನೊಬ್ಬ ಉಂಡೇಳುತ್ತಾನೆ.
ಕೊರಗು ರಾತ್ರಿ ಪಾಳಿಯದು.
ಪದ ಇರಲಿ, ನಡೆದದ್ದು ಹೇಳಿ ಎಂದೆ.

ಜುಲೈ. ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನ ಕೆಲಸ ಬಂದ್,
ಐದು ಭಾಷೆಯಲ್ಲಿ ಗೋಡೆಗೆ ಅಂಟಿಸಿದ್ದಾರೆ, ನಮ್ಮದು ಬಿಟ್ಟು.
ಎಲ್ಲರೂ ಚಪ್ಪರದಡಿ ಹೋದರು, ಇವನೂ ಹೋದ.
ಜಾಗವಿಲ್ಲ, ನೀನು ಆ ಕಡೆ, ಎಂದ ಫೋರ್‌ಮನ್.
ಜಾಗವಿತ್ತು.
ಅಲ್ಲಿ ಫೋರ್‌ಮನ್ನಿನ ಬೆಕ್ಕು ಮಲಗಿತ್ತು.
"ಕೆಲಸ ಮಾಡಿಸಿಲ್ಲರಿ, ಸುಳ್ಳು ಬರೀಬ್ಯಾಡ್ರಿ.
ಬರೇ ನಿಂದರ್ಸಿದ."

ಸಂಬಳ?
"ಬಂದದ."
ಪಾಸ್‌ಪೋರ್ಟು?
"ನನ್ನ ಹತ್ರಾನೇ ಅದ."
ಯಾವತ್ತು ನಡೆದದ್ದು?
"ಮೂರು ವರ್ಷಾತು."
ಫೋರ್‌ಮನ್ ಊರು ಸೇರಿಯಾಗಿದೆ.
ಬೆಕ್ಕು ಈಗ ಇವನ ತಟ್ಟೆಯ ಪಕ್ಕವೇ ಉಣ್ಣುತ್ತದೆ.

ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡು ಹಾಕಿದ ಡಿಕ್ಷನರಿ,
ನನಗಿಂತ ಮುಂಚಿನವಳು ಬಿಟ್ಟುಹೋದದ್ದು. ಕೊನೆಗೆ ಸಿಕ್ಕಿತು:
ಅಂಬ್ರೇಜ್. ನೊಂದು ಮುನಿಯುವುದು.
ಕೆಳಗೆ ಇರುವೆಯಂಥ ಅಕ್ಷರದಲ್ಲಿ, ಮೂಲಾರ್ಥ: ನೆರಳು.
ಅದನ್ನು ಆಗುವುದಿಲ್ಲವಂತೆ, ತೆಗೆದುಕೊಳ್ಳಬೇಕಂತೆ.
ಮಬ್ಬು ಆಕಾಶದ ದೇಶದಲ್ಲಿ ಕೂತು
ಯಾರಿಗೆ ಹೊಳೆಯಿತೋ ಇದು!

ಸಾಬಣ್ಣನಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು
ಪ್ರಿಂಟರಿನ ಹಸಿರು ದೀಪ ನೋಡುತ್ತ ನಿಂತ.
"ಅಂವ ನೆಳ್ಳು ಕೊಡಲಿಲ್ಲ,
ನಾನೇ ತಗೊಂಡೆ ಅಂತ ಬರೀತೀರಿ?"
ಹೌದು.
"ಬರೀರಿ ಮತ್ತ."

ಈ ಪದ ಯಾರಿಗೂ ತಿಳಿಯೋಲ್ಲ, ಕೇಸೂ ನಿಲ್ಲೋಲ್ಲ,
ಎಂದು ಗೊಣಗಿದ ಮೊಯ್ದೀನ್‌ಕುಟ್ಟಿ.
ಸಾಬಣ್ಣ ಯಾವ ಆಫೀಸಿಗೂ ಹೋಗುವಂತೆ ಕಾಣಲಿಲ್ಲ.
ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಆ ಎರಡನೇ ಗುಂಡಿ ಬಿಚ್ಚಿ ಒಳಗಿಟ್ಟುಕೊಂಡ.

ರೋಲಾ ಎಂದರೆ ಆಲದ ಮರ ಎನ್ನುತ್ತಾನೆ ಸುಡಾನಿ ಮುದುಕ.
ಮರ ಒಣಗಿ ಹೋದದ್ದು ನಾನು ಹುಟ್ಟುವ ಮೊದಲು.
ಬಸ್ಸುಗಳು ಇನ್ನೂ ಹಣೆಯ ಮೇಲೆ ಅದರ ಹೆಸರು ಹೊತ್ತು
ಬಿಸಿಲಲ್ಲಿ ಬಂದು ನಿಲ್ಲುತ್ತವೆ.
ಒಂದು ಬಸ್ಸಿನ ಮಗ್ಗುಲಿಗೆ ಸಾಬಣ್ಣ ನಿಂತದ್ದು ಕಂಡೆ,
ಅದು ಹೊರಡುವತನಕ.

ಇಪ್ಪತ್ತರ ನೋಟು ಕೊಟ್ಟಿದ್ದ, ನನ್ನಲ್ಲಿ ಚಿಲ್ಲರೆ ಇರಲಿಲ್ಲ.
ಐದು ದಿರಮ್ ಅವನದು ಬಾಕಿ ಇದೆ,
ಡಿಕ್ಷನರಿಯ ಆ ಪುಟದಲ್ಲಿ.